ಎಷ್ಟರಲ್ಲಿ ಪಾರಾದೆವು?

ಕಾಲ್ಚೆಂಡಿನ ಆಟದ ಬಗ್ಗೆ ಬರೆಯಲು ಕೂತಿದ್ದೇನೆ ಎಂದರೆ ನೀವು ಹುಬ್ಬೇರಿಸುತ್ತೀರಿ. ಏರಿಸಿ, ತಪ್ಪಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿ, ಇಪ್ಪತ್ತೈದು ವರ್ಷದಿಂದ ತಿಪಟೂರಿನಲ್ಲಿ ಒಲೆ ಮುಂದೆ ನಿಂತಿರುವ ನನಗೂ ಆ ಆಟಕ್ಕೂ ಎಲ್ಲಿಯ ನಂಟು? ಆದರೆ 2023ರಲ್ಲಿ ಎರಡೂವರೆ ತಿಂಗಳು ಅಂಥ ಒಂದು ಮೈದಾನದ ಬೆನ್ನಿಗೇ ಇರುವ ಮನೆಯಲ್ಲಿ ಇದ್ದು ಬಂದೆ. ಅಲ್ಲಿ ಚಹದ ಮೇಜಿನ ಸುತ್ತ ಕೇಳಿದ ಒಂದು ವಾದ ನಮ್ಮ ಮನೆಯ ಹಳೇ ಗಂಟೊಂದನ್ನು ಬಿಚ್ಚಿತು. ಅದನ್ನೇ ನಿಮ್ಮ ಹತ್ತಿರ ಹೇಳಿಕೊಳ್ಳಬೇಕು ಅನ್ನಿಸಿದೆ.

ನನ್ನ ತಂಗಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ನರ್ಸ್. ನಮ್ಮ ತಾಯಿ ಇಲ್ಲ. ಹಾಗಾಗಿ ಅವಳ ಬಾಣಂತನಕ್ಕೆ ನಾನೇ ಹೋಗಬೇಕಾಯಿತು. ಟಿಕೆಟ್ಟಿನ ಹಣ ಅವಳೇ ಕಳಿಸಿದಳು. ಮೆಣಸು, ಜೀರಿಗೆ, ಅಂಟು, ನಮ್ಮೂರ ಕೊಬ್ಬರಿ ಎಲ್ಲ ಕಟ್ಟಿಕೊಂಡು ಏಪ್ರಿಲ್ ನಡುವೆ ಹೊರಟೆ. ಏಪ್ರಿಲ್ ಕೊನೆಗೆ ಗಂಡು ಮಗು ಹುಟ್ಟಿತು.

ತಂಗಿಯ ಮನೆ ಇದ್ದದ್ದು ವಾಲ್ಟನ್ ಎಂಬ ಬಡಾವಣೆಯಲ್ಲಿ. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲು, ಆ ಸಾಲುಗಳ ಮಧ್ಯೆಯೇ ಗೂಡಿಸನ್ ಪಾರ್ಕ್ ಎಂಬ ದೊಡ್ಡ ಮೈದಾನ, ಅದರ ಒಂದು ಮೂಲೆಗೆ ಒತ್ತಿಕೊಂಡಂತೆ ಚರ್ಚು. ನಮ್ಮ ಕಡೆ ರಥಬೀದಿಯಲ್ಲಿ ತೇರು ನಿಂತಿರುತ್ತದಲ್ಲ, ಹಾಗೆ ಮನೆಗಳ ನಡುವೆ ಎದ್ದು ನಿಂತಿದೆ. 1892ರಿಂದ ಎವರ್ಟನ್ ಎಂಬ ತಂಡ ಅಲ್ಲಿ ಆಡುತ್ತಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ, ಅಜ್ಜಿ. ಅಜ್ಜನಿಗೆ ಎಪ್ಪತ್ತೆಂಟು. ಮೊದಲ ದಿನ ಅಜ್ಜಿ ನನ್ನನ್ನು 'ಲವ್' ಎಂದು ಕರೆದಾಗ ಗಾಬರಿಯಾಗಿ ಒಳಗೆ ಬಂದುಬಿಟ್ಟೆ. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕಾ, ಇಲ್ಲಿ ಅದು ನಮ್ಮ 'ತಾಯಿ', 'ಅವ್ವಾ' ಅಂದ ಹಾಗೆ ಕಣೆ" ಅಂದಳು. ನಾನು ಅಂಟಿನುಂಡೆ ಕೊಟ್ಟೆ, ಅಜ್ಜಿ ಕಪ್ಪು ಬಿಳಿ ಪಟ್ಟೆಯ ಪೆಪ್ಪರ್‌ಮಿಂಟು ಕೊಟ್ಟಳು. ಆ ಪೆಪ್ಪರ್‌ಮಿಂಟಿಗೂ ತಂಡದ ಹೆಸರೇ. ಹಿಂದಿನ ಕಾಲದಲ್ಲಿ ಅಲ್ಲಿ ಹೆಸರಾಂತ ಮಿಠಾಯಿ ಅಂಗಡಿಗಳಿದ್ದವಂತೆ, ಹಾಗಾಗಿ ತಂಡಕ್ಕೆ 'ಟಾಫಿಗಳು' ಎಂಬ ಅಡ್ಡ ಹೆಸರು. ಆಟಕ್ಕೆ ಮೊದಲು ಒಬ್ಬ ಹುಡುಗಿ ಮೈದಾನದ ಸುತ್ತ ನಡೆದು ಜನರತ್ತ ಪೆಪ್ಪರ್‌ಮಿಂಟು ತೂರುತ್ತಾಳೆ. ಇದನ್ನು ಕೇಳಿದ ಮೇಲೆ ನನಗೂ ಆ ತಂಡದ ಮೇಲೆ ಸ್ವಲ್ಪ ಮಮತೆ ಬಂತು ಅನ್ನಿ.

ಈಗ ನಿಮಗೆ ಒಂದು ವಿಷಯ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಐಪಿಎಲ್ಲಿನಲ್ಲಿ ಕಡೇ ಸ್ಥಾನಕ್ಕೆ ಬಂದ ತಂಡವೂ ಮುಂದಿನ ವರ್ಷ ಮಾಮೂಲಿಯಾಗಿ ಆಡುತ್ತದೆ. ನಮ್ಮ ಆರ್‌ಸಿಬಿ 2017ರಲ್ಲಿ, 2019ರಲ್ಲಿ ಕಡೇ ಸ್ಥಾನದಲ್ಲಿತ್ತು. ಯಾರೂ ಹೊರಗೆ ಹಾಕಲಿಲ್ಲ. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಹಾಗಲ್ಲ. ಮೇಲಿನ ದರ್ಜೆಯಲ್ಲಿ 20 ತಂಡ, ಒಂದೊಂದಕ್ಕೂ 38 ಆಟ. ಗೆದ್ದರೆ 3 ಅಂಕ, ಸಮವಾದರೆ 1, ಸೋತರೆ ಸೊನ್ನೆ. ವರ್ಷದ ಕೊನೆಗೆ ಕೆಳಗಿನ ಮೂರು ತಂಡಗಳನ್ನು ಎರಡನೇ ದರ್ಜೆಗೆ ಇಳಿಸಿಬಿಡುತ್ತಾರೆ. ಅಲ್ಲಿಂದ ಮೂರು ತಂಡ ಮೇಲೆ ಬರುತ್ತವೆ. ಇಳಿದರೆ ಟಿವಿಯಿಂದ ಬರುವ ದೊಡ್ಡ ಹಣ ಹೋಯಿತು, ಒಳ್ಳೆಯ ಆಟಗಾರರು ಬಿಟ್ಟು ಹೋಗುತ್ತಾರೆ, ಕ್ಲಬ್ಬಿನಲ್ಲಿ ಕೆಲಸ ಮಾಡುವವರಿಗೂ ಕೆಲಸದ ಭಯ. ಎವರ್ಟನ್ 1888ರಲ್ಲಿ ಆ ಲೀಗು ಹುಟ್ಟಿದಾಗಿನಿಂದ ಇರುವ ತಂಡ. 1930ರಲ್ಲಿ ಒಮ್ಮೆ, 1951ರಲ್ಲಿ ಒಮ್ಮೆ ಇಳಿದಿತ್ತು. 1954ರಲ್ಲಿ ಮೇಲೆ ಬಂದದ್ದು ಮತ್ತೆ ಇಳಿದಿಲ್ಲ. ಅಜ್ಜನಿಗೆ 1951ರಲ್ಲಿ ಆರು ವರ್ಷ. ಆಟದ ನೆನಪಿಲ್ಲ, ಅಪ್ಪ ಊಟದ ತಟ್ಟೆ ಮುಂದೆ ಸುಮ್ಮನೆ ಕೂತದ್ದು ನೆನಪಿದೆ ಎಂದ.

2023ರ ಮೇ 28, ಭಾನುವಾರ. ವರ್ಷದ ಕೊನೆಯ ಆಟ. ಸೌತಾಂಪ್ಟನ್ ಆಗಲೇ ಇಳಿದಾಗಿತ್ತು. ಎವರ್ಟನ್, ಲೆಸ್ಟರ್, ಲೀಡ್ಸ್ ಈ ಮೂರರಲ್ಲಿ ಒಂದು ಮಾತ್ರ ಉಳಿಯುವುದು. ಮೂವರ ಆಟವೂ ಬೇರೆ ಬೇರೆ ಊರಿನಲ್ಲಿ ಒಂದೇ ಹೊತ್ತಿಗೆ ಶುರು. ನಾನು ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಮೊದಮೊದಲು ಜನರ ಹಾಡು, ಕೂಗು ಎಲ್ಲ ಕಿಟಕಿಯಿಂದ ಕೇಳುತ್ತಿತ್ತು. ಆಮೇಲೆ ಒಂದಷ್ಟು ಹೊತ್ತು ಇಡೀ ಬೀದಿ ಸೂತಕದ ಮನೆಯ ಹಾಗೆ ಸುಮ್ಮನಾಯಿತು. ಲೆಸ್ಟರ್ ತಂಡ ಅಲ್ಲಿ ಗೋಲು ಹೊಡೆದ ಸುದ್ದಿ ಬಂದಿತ್ತಂತೆ. ಅನಂತರ ಒಮ್ಮೆಗೇ ಸಿಡಿಲು ಬಡಿದ ಹಾಗೆ ಶಬ್ದ. ಕಿಟಕಿಯ ಗಾಜು ನಡುಗಿತು, ತೊಟ್ಟಿಲಲ್ಲಿ ಮಗು ಬೆಚ್ಚಿ ಎದ್ದಿತು. ಡುಕೂರೆ ಎಂಬ ಆಟಗಾರ 57ನೇ ನಿಮಿಷದಲ್ಲಿ ಗೋಲು ಹೊಡೆದಿದ್ದ. ಅದೊಂದೇ ಗೋಲು. ಬೋರ್ನ್‌ಮತ್ ಎದುರು 1-0. ಎವರ್ಟನ್ ಉಳಿಯಿತು. ಲೆಸ್ಟರ್ ತನ್ನ ಆಟ ಗೆದ್ದರೂ ಇಳಿಯಿತು, ಲೀಡ್ಸೂ ಇಳಿಯಿತು. ಒಟ್ಟು ಅಂಕ ಎವರ್ಟನ್‌ಗೆ 36, ಲೆಸ್ಟರ್‌ಗೆ 34.

ಮುಂದಿನ ಭಾನುವಾರ ಅಜ್ಜಿ ನಮ್ಮನ್ನು ಚಹಕ್ಕೆ ಕರೆದಳು. ಮಗ, ಮೊಮ್ಮಗ ಬಂದಿದ್ದರು. ಗೆದ್ದ ಖುಷಿಯಲ್ಲಿ ಕುಣಿಯುತ್ತಾರೆ ಅಂದುಕೊಂಡೆ. ಆದರೆ ಅವರ ಮಾತೆಲ್ಲ ಒಂದೇ: ನಾವು ಎಷ್ಟರಲ್ಲಿ ಪಾರಾದೆವು? ಯಾವ ವರ್ಷ ಎಲ್ಲಕ್ಕಿಂತ ಹತ್ತಿರದಿಂದ ಪಾರಾದೆವು? ಒಬ್ಬರ ಮಾತು ಇನ್ನೊಬ್ಬರು ಒಪ್ಪುವ ಹಾಗೇ ಇಲ್ಲ. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯದು. ತಂಗಿಯ ಗಂಡ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದ.

ಅಜ್ಜ ಉಪ್ಪಿನ ಕುಡಿಕೆ, ಮೆಣಸಿನ ಕುಡಿಕೆ ಎತ್ತಿ ಎತ್ತಿ ಇಟ್ಟು ಹೇಳಿದ. "1994ರ ಮೇ 7. ಕೊನೆ ಆಟ, ವಿಂಬಲ್ಡನ್ ಎದುರಿಗೆ. ಇಪ್ಪತ್ತು ನಿಮಿಷಕ್ಕೇ ಎರಡು ಗೋಲು ಹಿಂದೆ. ಸಮ ಮಾಡಿದರೂ ಸಾಲದು, ಗೆಲ್ಲಲೇಬೇಕು. 81ನೇ ನಿಮಿಷದಲ್ಲಿ ಗ್ರಹಾಂ ಸ್ಟುವರ್ಟ್ ಹೊಡೆದ ಗೋಲಿನಿಂದ 3-2ರಲ್ಲಿ ಗೆದ್ದೆವು. ಅದಕ್ಕಿಂತ ಹತ್ತಿರ ಇನ್ನೇನಿದೆ?" ಆಗ ಮೈದಾನದ ಒಂದು ಬದಿ ಕೆಡವಿ ಕಟ್ಟುತ್ತಿದ್ದರಂತೆ. ಜನ ಪಕ್ಕದ ಪಾರ್ಕಿನ ಮರ ಹತ್ತಿ ಆಟ ನೋಡಿದರಂತೆ. ನಮ್ಮೂರ ಜಾತ್ರೆಯ ಹಾಗೇ ಆಯಿತಲ್ಲ ಅಂದುಕೊಂಡೆ.

ಮಗ ಒಪ್ಪಲಿಲ್ಲ. "1998ರ ಮೇ 10. ಕಾವೆಂಟ್ರಿ ಜೊತೆ 1-1. ನಮಗೆ 40 ಅಂಕ, ಬೋಲ್ಟನ್‌ಗೂ 40. ಹೊಡೆದ ಗೋಲು, ಬಿಟ್ಟ ಗೋಲು ಕಳೆದು ನೋಡಿ ಅವರನ್ನು ಇಳಿಸಿದರು. ಬೋಲ್ಟನ್ ಅವತ್ತು ಚೆಲ್ಸಿ ಜೊತೆ ಸಮ ಮಾಡಿಕೊಂಡಿದ್ದರೂ ನಾವು ಹೋಗಿದ್ದೆವು. ನಮ್ಮ ಗ್ರಹಚಾರ ಬೇರೆಯವರ ಕಾಲಲ್ಲಿತ್ತು."

ಮೊಮ್ಮಗ ಇಬ್ಬರನ್ನೂ ತಳ್ಳಿಹಾಕಿದ. "ಈ ವರ್ಷವೇ ಸ್ವಾಮಿ. 34ನೇ ನಿಮಿಷಕ್ಕೆ ಲೆಸ್ಟರ್ ಗೋಲು, 57ಕ್ಕೆ ನಮ್ಮದು. ನಡುವೆ ಆಟದ 23 ನಿಮಿಷ ನಾವು ಇಳಿದೇಬಿಟ್ಟಿದ್ದೆವು."

ಅಷ್ಟು ಹೊತ್ತೂ ಅಜ್ಜಿ ಕೇಕು ಕೊಯ್ಯುತ್ತಿದ್ದಳು. ಚಾಕು ಕೆಳಗಿಟ್ಟು ಹೇಳಿದಳು: "ನೀವು ಯಾರೂ ಮೇ 1ರ ಮಾತು ಎತ್ತಲಿಲ್ಲ."

ಮೇ 1ರಂದು ಎವರ್ಟನ್ ಲೆಸ್ಟರಿನ ಊರಿಗೆ ಹೋಗಿ ಆಡಿತ್ತು. ಲೆಸ್ಟರ್ 2-1ರಲ್ಲಿ ಮುಂದಿತ್ತು. ಅರ್ಧ ಆಟ ಮುಗಿಯುವ ಮುಂಚೆ ಅವರಿಗೆ ಪೆನಾಲ್ಟಿ ಸಿಕ್ಕಿತು. ಅಂದರೆ ಒಬ್ಬ ಆಟಗಾರ, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಹೊಡೆಯುವವನು ಮ್ಯಾಡಿಸನ್, ತಡೆಯುವವನು ಪಿಕ್‌ಫರ್ಡ್. ಗೋಲ್‌ಕೀಪರುಗಳು ಸಾಮಾನ್ಯವಾಗಿ ಎಡಕ್ಕೋ ಬಲಕ್ಕೋ ಹಾರುತ್ತಾರೆ. ಪಿಕ್‌ಫರ್ಡ್ ಹಾರದೆ ನಡುವೆಯೇ ನಿಂತ. ಚೆಂಡು ನೆಟ್ಟಗೆ ಅವನ ಕೈಗೇ ಬಂತು. ಮ್ಯಾಡಿಸನ್ ಯಾವ ಕಡೆ ಹೊಡೆಯುತ್ತಾನೆ ಎಂಬ ಲೆಕ್ಕ ಹಾಕಿ, ನಡುವೆ ನಿಲ್ಲು ಎಂದು ಅವನ ನೀರಿನ ಬಾಟಲಿಯ ಮೇಲೆ ಬರೆದಿತ್ತಂತೆ. ನಾವು ಉಪ್ಪಿನಕಾಯಿ ಭರಣಿಗೆ ಚೀಟಿ ಅಂಟಿಸುವುದಿಲ್ಲವೇ, ಹಾಗೆ. ಆಟ 2-2ರಲ್ಲಿ ಸಮವಾಯಿತು.

ಅಜ್ಜಿ ಬೆರಳು ಮಡಿಸಿ ಲೆಕ್ಕ ಹೇಳಿದಳು. "ಆ ಚೆಂಡು ಒಳಗೆ ಹೋಗಿ ಅವರು ಗೆದ್ದಿದ್ದರೆ ಅವರಿಗೆ ಎರಡು ಅಂಕ ಹೆಚ್ಚು, 36. ನಮಗೆ ಒಂದು ಕಡಿಮೆ, 35. ನಿಮ್ಮ ಡುಕೂರೆ ಆಮೇಲೆ ಗೋಲು ಹೊಡೆದು ಏನು ಮಾಡುತ್ತಿದ್ದ?" ಯಾರೂ ಉಸಿರೆತ್ತಲಿಲ್ಲ. ಆಕೆ ಮತ್ತೆ ಕೇಳಿದಳು: "ಪಿಕ್‌ಫರ್ಡ್ ಹೆಸರು ನಿಮಗೆ ಗೊತ್ತು. ಆ ಬಾಟಲಿಯ ಮೇಲೆ ಬರೆದವರು ಯಾರು, ಹೇಳಿ ನೋಡೋಣ." ಗಂಡಸರು ಮುಖ ಮುಖ ನೋಡಿಕೊಂಡರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಮನೆಯೂ ಒಂದು ಕಾಲಕ್ಕೆ ಹೀಗೆ ಅಂಚಿಗೆ ಬಂದು ನಿಂತಿತ್ತು. ಅದನ್ನು ನಾವು ಒಂದು ದಿನವೂ ಬಾಯಿಬಿಟ್ಟು ಆಡಿರಲಿಲ್ಲ.

ನಮ್ಮವರದು ಶಾಲೆ ಪುಸ್ತಕ, ನೋಟ್‌ಬುಕ್ಕು, ಸಮವಸ್ತ್ರದ ಬಟ್ಟೆಯ ಅಂಗಡಿ. ಪ್ರತಿ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಸಾಲ ಮಾಡಿ ಸರಕು ತುಂಬುವುದು, ಮೇ, ಜೂನಿನಲ್ಲಿ ಮಾರಿ ತೀರಿಸುವುದು. 2020ರಲ್ಲಿ ಮನೆ ಪತ್ರ ಇಟ್ಟು ಹೆಚ್ಚಿಗೆ ಸಾಲ ತಂದಿದ್ದರು. ಮಾರ್ಚಿಗೆ ಲಾಕ್‌ಡೌನ್ ಆಯಿತು, ಶಾಲೆ ಮುಚ್ಚಿತು. ಜೂನ್ ಬಂತು, ಮಕ್ಕಳು ಬರಲಿಲ್ಲ. ನೋಟ್‌ಬುಕ್ಕಿನ ಕಟ್ಟುಗಳು ಸೂರಿನವರೆಗೆ ಹಾಗೇ ಕೂತವು. 2021ರಲ್ಲಿ ಮತ್ತೊಂದು ಅಲೆ. ತಿಂಗಳಿಗೆ 18,000ದಂತೆ ಒಂಬತ್ತು ಕಂತು ಬಾಕಿಯಾಯಿತು. ಆಗಸ್ಟ್ 31ರೊಳಗೆ ಕಟ್ಟದಿದ್ದರೆ ಮನೆ ಹರಾಜು ಎಂದು ನೋಟೀಸು ಬಂತು. 28ನೇ ತಾರೀಕು ನಮ್ಮವರು ಹೋಗಿ ಅಷ್ಟನ್ನೂ ಕಟ್ಟಿ ಬಂದರು. "ಸ್ನೇಹಿತರು ಕೈಗಡ ಕೊಟ್ಟರು" ಅಂದರು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅಲ್ಲಿಗೆ ಆ ಮಾತು ಮುಗಿಯಿತು. ಕೆಟ್ಟ ಕಾಲದ ಮಾತೆತ್ತಿದರೆ ಅದು ತಿರುಗಿ ಬಂದೀತು ಎಂಬ ಹೆದರಿಕೆ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದಲ್ಲ.

ಜೂನ್ ಕೊನೆಗೆ ಊರಿಗೆ ಬಂದೆ. ಒಂದು ರಾತ್ರಿ ಊಟವಾದ ಮೇಲೆ ಅಂಗಡಿಯ ಲೆಕ್ಕದ ಪುಸ್ತಕ ತೆಗೆದುಕೊಂಡು ನಮ್ಮವರ ಮುಂದೆ ಕೂತೆ.

"ರೀ, 2021ರಲ್ಲಿ ನಾವು ಎಷ್ಟರಲ್ಲಿ ಪಾರಾದೆವು, ಲೆಕ್ಕ ಹಾಕೋಣ."

"ಹಳೇದೆಲ್ಲ ಈಗ್ಯಾಕೆ? ಆಗಿ ಹೋಯ್ತಲ್ಲ" ಅಂದರು.

"ಆಗಿ ಹೋಗಿದ್ದಕ್ಕೇ ಕೇಳ್ತಿರೋದು. ಆಗದೆ ಇದ್ದಿದ್ರೆ ಕೇಳೋಕೆ ಈ ಮನೆಯಲ್ಲಿ ಇರ್ತಿರಲಿಲ್ಲ."

ಬರೆದೆವು. ಕಟ್ಟಿದ್ದು 1,62,000. ಸ್ನೇಹಿತರು ಕೊಟ್ಟದ್ದು 50,000, ಅದನ್ನು ತೀರಿಸಿದ್ದು ಪುಸ್ತಕದಲ್ಲೇ ಇತ್ತು. ನನ್ನ ಚೀಟಿ ಹಣ 30,000. ಕೂಡಿದರೆ 80,000. ಉಳಿದ 82,000 ಎಲ್ಲಿಂದ ಬಂತು? ಎರಡು ಸಲ ಕೂಡಿದೆ. ಪುಸ್ತಕ ತಿರುವಿದೆ. ನಮ್ಮವರು ಕನ್ನಡಕ ತೆಗೆದು ಒರೆಸತೊಡಗಿದರು. ಸುಳ್ಳು ಹೇಳಲು ಬಾರದ ಮನುಷ್ಯ, ಕನ್ನಡಕ ಒರೆಸುತ್ತಾರೆ.

"ಅಮ್ಮನ ಬಳೆ" ಅಂದರು.

ಸೋದರಿಯರೇ, ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ನಮ್ಮ ಅತ್ತೆಯವರ ಕೈಯಲ್ಲಿ ಹತ್ತು ಹತ್ತು ಗ್ರಾಮಿನ ಎರಡು ಚಿನ್ನದ ಬಳೆ ಇದ್ದವು. ಆ ಆಗಸ್ಟಿನಲ್ಲೇ ಅವು ಕಾಣೆಯಾದವು. ಕೇಳಿದ್ದಕ್ಕೆ "ಕೈ ಸಣ್ಣಗಾಗಿದೆ, ಜಾರ್ತವೆ, ಎತ್ತಿಟ್ಟಿದ್ದೀನಿ" ಅಂದರು. ಅದೇ ಹೊತ್ತಿಗೆ ನಾದಿನಿಯ ಮಗಳಿಗೆ ಮದುವೆ ಗೊತ್ತಾಗಿತ್ತು. ನನ್ನ ಮನಸ್ಸು ತಾನೇ ಗಂಟು ಹಾಕಿಕೊಂಡಿತು: ಗುಟ್ಟಾಗಿ ಮಗಳಿಗೆ ಕೊಟ್ಟಿದ್ದಾರೆ. ನಾವಿಲ್ಲಿ ಮನೆ ಕಳಕೊಳ್ಳೋ ಹೊತ್ತಿನಲ್ಲಿ! ಎರಡು ವರ್ಷ ಅದನ್ನೇ ಮೆಲುಕು ಹಾಕಿದೆ. ಮಾರನೇ ವರ್ಷ ಗೌರಿ ಹಬ್ಬದಲ್ಲಿ, ಬಾಗಿನಕ್ಕೆ ಬಂದ ನಾಲ್ಕು ಜನರ ಮುಂದೆ, ಅವರ ಗಾಜಿನ ಬಳೆ ನೋಡಿ ಅಂದುಬಿಟ್ಟೆ: "ಚಿನ್ನ ಹೋಗೋ ಕಡೆ ಹೋಗುತ್ತೆ ಬಿಡಿ, ಈ ಮನೆಗೆ ಗಾಜೇ ಸಾಕು." ಅತ್ತೆ ತಲೆ ಎತ್ತಲಿಲ್ಲ. ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಳಗೆ ಹೋದರು.

"ನನಗೆ ಯಾಕೆ ಹೇಳಲಿಲ್ಲ?" ಎಂದು ನಮ್ಮವರನ್ನು ಕೇಳಿದೆ. "ನಿನಗೆ ಹೇಳಬಾರದು ಅಂತ ಅಮ್ಮ ಆಣೆ ಹಾಕಿಸ್ಕೊಂಡಿದ್ಲು" ಅಂದರು.

ಬೆಳಿಗ್ಗೆ ಅತ್ತೆ ನಡುಮನೆಯಲ್ಲಿ ಕೂತು ಹತ್ತಿ ಬತ್ತಿ ಹೊಸೆಯುತ್ತಿದ್ದರು. ಹೋಗಿ ಎದುರಿಗೆ ಕೂತೆ. ಅರ್ಧ ತಾಸು ಮಾತೇ ಬರಲಿಲ್ಲ. ನಾನೂ ಹತ್ತಿ ತೆಗೆದುಕೊಂಡು ಹೊಸೆದೆ.

"ಅತ್ತೆ, ಬಳೆ ವಿಷಯ ಗೊತ್ತಾಯ್ತು."

"ಇವನ ಬಾಯಲ್ಲಿ ಎಳ್ಳುಕಾಳು ನೆನೆಯೋದಿಲ್ಲ" ಅಂದರು.

"ಗೌರಿ ಹಬ್ಬದಲ್ಲಿ ನಾನು ಅಂದಿದ್ದು..." ನನ್ನ ಗಂಟಲು ಕಟ್ಟಿತು.

ಮರೆತುಬಿಟ್ಟೆ ಕಣೆ ಅನ್ನುತ್ತಾರೆ ಅಂದುಕೊಂಡಿದ್ದೆ. ಅತ್ತೆ ಹಾಗೆ ಅನ್ನಲಿಲ್ಲ. "ನೆನಪಿದೆ. ಮರೆತೆ ಅಂದ್ರೆ ಸುಳ್ಳಾಗುತ್ತೆ. ಆವತ್ತು ರಾತ್ರಿ ಊಟ ಸೇರಲಿಲ್ಲ ನನಗೆ" ಅಂದರು.

"ಆವತ್ತೇ ನನ್ನ ಬಾಯಿ ಮುಚ್ಚಿಸಬಹುದಿತ್ತಲ್ಲ? ಯಾಕೆ ಸುಮ್ಮನಿದ್ರಿ?"

"ಮೊದಲೇ ಹೇಳಿದ್ರೆ ನೀನು ಬಿಡ್ತಿದ್ಯಾ? ನಿನ್ನ ಕತ್ತಿನ ಸರ ಬಿಚ್ಚಿ ಕೊಡ್ತಿದ್ದೆ. ನಿಮ್ಮಪ್ಪ ಕೊಟ್ಟಿದ್ದು ಅದೊಂದೇ. ನನ್ನದು ಇವತ್ತೋ ನಾಳೆಯೋ ಕಳಚೋ ಕೈ. ಆಮೇಲೆ ಹೇಳೋಣ ಅಂದ್ರೆ, ಹೇಳಿ ಹೊಗಳಿಸ್ಕೊಂಡ ಹಾಗಾಗುತ್ತೆ ಅಂತ ಬಿಟ್ಟೆ." ಸ್ವಲ್ಪ ಹೊತ್ತು ಬಿಟ್ಟು, "ಒಲೆ ಮೇಲೆ ಹಾಲಿದೆ, ಉಕ್ಕುತ್ತೆ ನೋಡು" ಅಂದರು.

ಹಾಲು ಉಕ್ಕಿ ಒಲೆಯೆಲ್ಲ ಆಗಿತ್ತು. ಒರೆಸುತ್ತಾ ಅತ್ತೆ. ಆ ಬಳೆಗಳನ್ನು ಮಾರಿ ಆಗಿತ್ತು, ತಿರುಗಿ ತರುವ ಹಾಗಿರಲಿಲ್ಲ. ನಾದಿನಿಯ ಮನೆಗೆ ಹೋಗಿ, ಮನಸ್ಸಿನಲ್ಲಿ ಆಕೆಯ ಮೇಲೆ ಹೊರಿಸಿದ್ದ ಮಾತನ್ನೂ ಹೇಳಿಕೊಂಡು ಬಂದೆ. ಅದು ಇನ್ನೂ ಕಷ್ಟವಾಯಿತು. ಆ ವರ್ಷದ ಗೌರಿ ಹಬ್ಬದಲ್ಲಿ ಬಾಗಿನಕ್ಕೆ ಬಂದವರ ಮುಂದೆ, ಮನೆ ಉಳಿದದ್ದು ಯಾರ ಕೈಯಿಂದ ಎಂದು ನಾನೇ ಹೇಳಿದೆ. ಅತ್ತೆ "ಸಾಕು ಸುಮ್ಮನಿರೆ" ಎಂದು ಗದರಿಸಿದರು. ಆದರೆ ಆವತ್ತು ಒಳಗೆ ಎದ್ದು ಹೋಗಲಿಲ್ಲ.

ಮೇಜಿನ ಸುತ್ತ ಕೂತು ಆ ಜನ ಮಾಡಿದ್ದು ಬರೀ ಹರಟೆ ಎಂದು ನಾನು ಮೊದಲು ತಿಳಿದಿದ್ದೆ. ಎಷ್ಟರಲ್ಲಿ ಉಳಿದೆವು ಎಂದು ಲೆಕ್ಕ ಹಾಕಲು ಕೂತರೆ ಯಾರ ಯಾರ ಕೈ ಹಿಡಿದು ಉಳಿಸಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಾವು ಬಾಯಿ ಮುಚ್ಚಿಕೊಂಡು ಕೂತದ್ದರಿಂದ ಎರಡು ವರ್ಷ ಮನೆ ಉಳಿಸಿದವರನ್ನೇ ನಾನು ಕಳ್ಳರ ಹಾಗೆ ನೋಡಿದೆ.

ತಂಗಿ ಫೋನಿನಲ್ಲಿ ಆ ಬೀದಿಯ ಸುದ್ದಿ ಹೇಳುತ್ತಿರುತ್ತಾಳೆ. ಮರುವರ್ಷ ಹಣಕಾಸಿನ ನಿಯಮ ಮೀರಿದ್ದಕ್ಕೆ ಎವರ್ಟನ್ನಿನ 10 ಅಂಕ ಕಳೆದರು. ಮೇಲ್ಮನವಿಯ ಮೇಲೆ ಅದನ್ನು 6ಕ್ಕೆ ಇಳಿಸಿದರು, ಆಮೇಲೆ ಇನ್ನೂ 2 ಕಳೆದರು. ಒಟ್ಟು 8 ಅಂಕ ಕಳಕೊಂಡೂ 2024ರಲ್ಲಿ 15ನೇ ಸ್ಥಾನದಲ್ಲಿ ಉಳಿಯಿತು. 2025ರ ಮೇ 18ರಂದು ಗೂಡಿಸನ್ ಪಾರ್ಕಿನಲ್ಲಿ ಗಂಡಸರ ತಂಡ ಕೊನೆಯ ಆಟ ಆಡಿ, ಹಡಗುಕಟ್ಟೆಯ ಹತ್ತಿರ ಕಟ್ಟಿದ ಹೊಸ ಮೈದಾನಕ್ಕೆ ಹೋಯಿತು. ಹಳೇ ಮೈದಾನ ಕೆಡವದೆ ಆ ಕ್ಲಬ್ಬಿನ ಹೆಣ್ಣುಮಕ್ಕಳ ತಂಡಕ್ಕೆ ಕೊಟ್ಟರು. ಅದನ್ನು ಕೇಳಿ ನನಗೆ ಬಹಳ ಸಂತೋಷವಾಯಿತು.

ಅತ್ತೆಗೆ ಆ ಆಟದ ತಲೆಬುಡ ಗೊತ್ತಿಲ್ಲ. ಆದರೂ ಮೇ ತಿಂಗಳು ಬಂದರೆ ಹತ್ತಿ ಹೊಸೆಯುತ್ತಾ ಕೇಳುತ್ತಾರೆ: "ಅಲ್ವೇ, ಆ ನಿನ್ನ ಪೆಪ್ಪರ್‌ಮಿಂಟಿನ ಅಜ್ಜಿಯ ತಂಡ ಈ ವರ್ಷ ಉಳೀತೇನೆ?"

ನಿಮ್ಮ ಮನೆಯೂ ಎಂದಾದರೂ ಹೀಗೆ ಅಂಚಿನಲ್ಲಿ ನಿಂತು ಉಳಿದಿದ್ದರೆ, ಒಂದು ರಾತ್ರಿ ಊಟವಾದ ಮೇಲೆ ಲೆಕ್ಕದ ಪುಸ್ತಕ ತೆಗೆದು ಕೂತುಕೊಳ್ಳಿ. ಕೂಡಿಸಿದ ಮೊತ್ತ ಸರಿಹೋಗದಿದ್ದರೆ ಪುಸ್ತಕ ಮುಚ್ಚಬೇಡಿ. ಇನ್ನೊಂದು ಸಲ ಕೂಡಿಸಿ, ಮನೆಯಲ್ಲಿ ಇರುವವರನ್ನೆಲ್ಲ ಕೇಳಿ.